ಬಾಳೆ ಎಲೆ ಪಕ್ಕ ಪ್ಲಾಸ್ಟಿಕ್ ಬಾಟಲಿ. ಬಾಯಿ ಬಿಟ್ರೆ ನಾನೇ ಕೆಟ್ಟೋಳು!

ಅರಸೀಕೆರೆ ಎಳನೀರು | ಭಾನುವಾರ ರಾತ್ರಿ 9:40

ನಿನ್ನೆ ತುಮಕೂರಲ್ಲಿ ನಮ್ಮ ಯಜಮಾನರ ಕಡೆ ಒಂದು ಮದುವೆ. ಊಟಕ್ಕೆ ಕೂತೆ. ಎದುರಿಗೆ ಬಾಳೆ ಎಲೆ, ಸಂತೋಷ. ಎಲೆ ಕೆಳಗೆ ಮೇಜಿನುದ್ದಕ್ಕೂ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಪಕ್ಕದಲ್ಲಿ 200 ಎಂಎಲ್ ನೀರಿನ ಬಾಟಲಿ. ಕೊನೆಗೆ ಐಸ್‌ಕ್ರೀಮು, ಅದಕ್ಕೊಂದು ಪ್ಲಾಸ್ಟಿಕ್ ಚಮಚ. ಪಂಕ್ತಿ ಏಳ್ತಿದ್ದ ಹಂಗೇ ಇಬ್ಬರು ಹುಡುಗರು ಬಂದು ಹಾಳೆಯ ಎರಡು ತುದಿ ಹಿಡಿದು ಎಲೆ, ಅನ್ನ, ಬಾಟಲಿ, ಚಮಚ ಎಲ್ಲ ಸೇರಿಸಿ ಹಾಸಿಗೆ ಸುತ್ತೋ ಥರ ಸುತ್ತಿಬಿಟ್ರು. ಇನ್ನು ಅದು ಹಸುಗೂ ಇಲ್ಲ, ಗೊಬ್ಬರಕ್ಕೂ ಇಲ್ಲ.

ನಮ್ಮ ಸಾಲಲ್ಲಿ ಎಣಿಸಿದೆ (ಹೌದು ಎಣಿಸಿದೆ, ನಗಬೇಡಿ). 34 ಬಾಟಲಿ. ಪೂರ್ತಿ ಖಾಲಿಯಾಗಿದ್ದು 9. ಉಳಿದದ್ದರಲ್ಲಿ ಅರ್ಧ, ಮುಕ್ಕಾಲು ನೀರು ಹಂಗೇ ಇತ್ತು. ಎರಡಕ್ಕೆ ಮುಚ್ಚಳ ಕೂಡ ತೆಗೆದಿರಲಿಲ್ಲ.

ಕೈ ತೊಳೆಯೋ ಜಾಗದಲ್ಲಿ ಚಿಕ್ಕಮಾವ ಸಿಕ್ಕಿದ್ರು. ಮದುವೆ ಉಸ್ತುವಾರಿ ಅವರದ್ದೇ. ಮೆತ್ತಗೆ, "ಚಿಕ್ಕಮಾವ, ಸಂಜೆ ರಿಸೆಪ್ಷನ್‌ಗಾದ್ರೂ ಕ್ಯಾನ್ ಇಡ್ಸಿ ಲೋಟ ಕೊಡ್ಸಬಹುದಲ್ವಾ" ಅಂದೆ. "ಮದುವೆ ಮನೇಲಿ ಇದೆಲ್ಲ ಯಾಕಮ್ಮ, ಊಟ ಚೆನ್ನಾಗಿತ್ತಾ?" ಅಂದು ಹೋದ್ರು. ರಾತ್ರಿ ಫ್ಯಾಮಿಲಿ ಗ್ರೂಪ್ ನೋಡಿದ್ರೆ ನನಗೆ 'ಗ್ರೀನ್ ಮೇಡಂ' ಅಂತ ನಾಮಕರಣ ಆಗಿದೆ. ನಮ್ಮ ವಾರಗಿತ್ತಿ ಗಿಡದ ಇಮೋಜಿ ಸಾಲಾಗಿ ಹತ್ತು ನೆಟ್ಟಿದಾರೆ.

ನಾನೇನು ಬೈದ್ನಾ? ಜಗಳ ಆಡಿದ್ನಾ? ನಿಮ್ಮ ಮನೆಗಳಲ್ಲಿ ಇಂಥದ್ದನ್ನ ಹೆಂಗೆ ಹೇಳ್ತೀರಿ? ಇಲ್ಲ, ಬಾಯಿ ಮುಚ್ಕೊಂಡು ಪಾಯಸ ಕುಡಿದು ಬರೋದೇ ಸರಿನಾ?

ಒಗ್ಗರಣೆ | 9:44

ಪಾಯಸ ಯಾವುದಿತ್ತು?

ಅರಸೀಕೆರೆ ಎಳನೀರು | 9:46

ಹೆಸರುಬೇಳೆ. ಚೆನ್ನಾಗಿತ್ತು. ವಿಷಯಕ್ಕೆ ಬನ್ನಿ.

ಲಾ ಪಾಯಿಂಟ್ | 9:58

ಆ ಮೇಜಿನ ಹಾಳೆ ವಿಷಯ ಹೇಳ್ತೀನಿ. ನಮ್ಮ ರಾಜ್ಯದ 2016ರ ಮಾರ್ಚ್ ಅಧಿಸೂಚನೆ ಇದೆಯಲ್ಲ, ಎಲ್ಲರೂ ಅದನ್ನ ಕ್ಯಾರಿಬ್ಯಾಗ್ ನಿಷೇಧ ಅಂತಷ್ಟೇ ನೆನಪಿಟ್ಕೊಂಡಿದಾರೆ. ಅದರಲ್ಲಿ ಫ್ಲೆಕ್ಸ್, ತಟ್ಟೆ, ಲೋಟ, ಚಮಚದ ಜೊತೆಗೆ ಊಟದ ಮೇಜಿನ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆಯನ್ನೂ ಬಿಡಿಸಿ ಹೇಳಿದೆ. ಎಷ್ಟೇ ದಪ್ಪ ಇರಲಿ, ಬೇಡ. ಬರೆದೋರು ಯಾರೋ ಮದುವೆ ಊಟ ಮಾಡಿ ಬಂದೇ ಬರೆದಿರಬೇಕು.

ಇನ್ನು 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧ ಪಟ್ಟಿ. ಪ್ಲಾಸ್ಟಿಕ್ ಚಮಚ, ಐಸ್‌ಕ್ರೀಂ ಕಡ್ಡಿ, ಅಲಂಕಾರದ ಥರ್ಮಾಕೋಲ್, ಸ್ವೀಟ್ ಡಬ್ಬಿಗೂ ಆಹ್ವಾನ ಪತ್ರಿಕೆಗೂ ಸುತ್ತೋ ತೆಳು ಹಾಳೆ. ಅಂದ್ರೆ ಲಗ್ನಪತ್ರಿಕೆಯಿಂದ ಹಿಡಿದು ಐಸ್‌ಕ್ರೀಮ್ ತನಕ ಇಡೀ ಮದುವೆ ಆ ಪಟ್ಟಿಯಲ್ಲಿದೆ. ನೀರಿನ ಬಾಟಲಿ ಮಾತ್ರ ಎರಡರಲ್ಲೂ ಇಲ್ಲ. ಹಾಗಾಗಿ ಬಾಟಲಿ ವಿಷಯದಲ್ಲಿ ನಿಮ್ಮ ಚಿಕ್ಕಮಾವ ಬಚಾವ್. ಹಾಳೆ, ಚಮಚದ ವಿಷಯದಲ್ಲಿ ಅಲ್ಲ.

ಅರಸೀಕೆರೆ ಎಳನೀರು | 10:02

ಇದನ್ನ ಗ್ರೂಪಿಗೆ ಹಾಕಿದ್ರೆ ಮುಂದಿನ ಮದುವೆಗೆ ನನ್ನ ಕರೆಯೋದೇ ಇಲ್ಲ.

ಖಾರಾಪುರಿ | 10:05

ಲಾಭನೇ ಅಲ್ವಾ? ಗಿಫ್ಟ್ ದುಡ್ಡು ಉಳೀತು.

ಪೇಢಾ ಪ್ರಿಯ | 10:20

ಅಕ್ಕಾರ, ನೀವು ಹೇಳಿದ್ದು ತಪ್ಪಲ್ರಿ, ಹೇಳಿದ ಹೊತ್ತು ತಪ್ಪು. ಅಕ್ಕಿಕಾಳು ಬಿದ್ದ ಮ್ಯಾಲೆ ಯಾರ್ ಕೇಳ್ತಾರ? ಕಾರ್ಡ್ ಪ್ರಿಂಟಿಗೆ ಕೊಡೂ ಮೊದಲ ಹೇಳ್ಬೇಕು. ನಮ್ಮ ತಮ್ಮನ ಲಗ್ನಕ್ಕ ನಾ ಎರಡ ತಿಂಗಳ ಮೊದಲ ಅಪ್ಪನ ಮುಂದ ಕುಂತು "ನೀರಿನ ಜವಾಬ್ದಾರಿ ನಂದು, ಬಾಟಲಿ ತರಸಬ್ಯಾಡ್ರಿ" ಅಂದೆ. ಅಪ್ಪ ನನ್ನ ಮುಖಾ ನೋಡಿ "ಆತ್ ತಗೋ" ಅಂದ್ರು.

ಕ್ಯಾನ್ ಬಂದ್ವು, ಲೋಟ ಬಂದ್ವು, ಜಗ್ ಹಿಡ್ಯಾಕ ಕಾಕಾನ ಮಕ್ಕಳು ನಾಕ ಮಂದಿ ತಯಾರ. ಮೊದಲನೇ ಪಂಕ್ತಿ ಛಲೋ ಆತು. ಎರಡನೇ ಪಂಕ್ತಿಗೆ ಆ ನಾಕೂ ಮಂದಿ ಡಿಜೆ ಮುಂದ ಕುಣ್ಯಾಕ ಹೋದ್ರು. ಇನ್ನೂರ ಮಂದಿ ನಡುವ ನಾ ಒಬ್ಬವ, ಕೈಯಾಗ ಒಂದ ಜಗ್. ಆ ಕಡೆಯಿಂದ "ತಮ್ಮಾ ನೀರು", ಈ ಕಡೆಯಿಂದ "ಏ ನೀರು!" ಲಗ್ನದ ಆಲ್ಬಮ್ಮಿನಾಗ ನಂದು ಒಂದೂ ಫೋಟೋ ಇಲ್ರಿ. ಒಂದರಾಗ ಬೆನ್ನು ಕಾಣ್ತೈತಿ, ಜಗ್ ಸಮೇತ.

ನಿವೃತ್ತ ಮೇಷ್ಟ್ರು | 10:41

ನಮ್ಮ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಚಪ್ಪರದ ಮದುವೆ. ಮುತ್ತುಗದ ಎಲೆಯನ್ನು ವಾರಕ್ಕೆ ಮೊದಲೇ ಕಡ್ಡಿಯಲ್ಲಿ ಚುಚ್ಚಿ ಒಣಗಿಸಿ ಕಟ್ಟು ಕಟ್ಟಿಡುತ್ತಿದ್ದರು. ನೆಲದ ಮೇಲೆ ಪಂಕ್ತಿ, ಹಿತ್ತಾಳೆ ಲೋಟ, ತಾಮ್ರದ ಕೊಳಗದಲ್ಲಿ ಬಾವಿ ನೀರು. ಊಟವಾದ ಮೇಲೆ ಎಲೆ ತಿಪ್ಪೆಗೆ, ಮಿಕ್ಕದ್ದು ದನಕ್ಕೆ. ಮೂರು ದಿನದ ಮದುವೆ ಮುಗಿದರೂ ಕಸ ಎಂದು ಹೊರಗೆ ಎಸೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಈಗಿನವರಿಗೆ ಎಲ್ಲದರಲ್ಲೂ ಸೋಮಾರಿತನ.

ಸೊಪ್ಪಿನ ಸಾರು | 10:49

ಮೇಷ್ಟ್ರೇ, ಗೌರವದಿಂದಲೇ ಕೇಳ್ತೀನಿ. ಆ ಹಿತ್ತಾಳೆ ಲೋಟ ಬೆಳಗಿದೋರು ಯಾರು?

ನಮ್ಮಜ್ಜಿ ಹೇಳ್ತಿದ್ರು. ಅವರ ನಾದಿನಿ ಮದುವೇಲಿ ಅವರಿಗೆ ಧಾರೆ ನೋಡೋಕೇ ಆಗಲಿಲ್ಲವಂತೆ. ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ ಹಾಕ್ಕೊಂಡು ಲೋಟ ಉಜ್ಜುತ್ತಾ ಕೂತಿದ್ದಾಗ ವಾಲಗ ಜೋರಾಗಿದ್ದು ಕೇಳಿ "ಓ, ತಾಳಿ ಆಯ್ತು ಅನ್ಸುತ್ತೆ" ಅಂದುಕೊಂಡ್ರಂತೆ. ಆ ಮದುವೆಗಳಲ್ಲಿ ಕಸ ಇರಲಿಲ್ಲ, ನಿಜ. ಕಸದ ಬದಲು ಹಿತ್ತಲಲ್ಲಿ ನಾಲ್ಕು ಹೆಂಗಸರಿದ್ರು.

ಬಾಟಲಿ ಒಳ್ಳೇದು ಅಂತ ನಾನು ಹೇಳ್ತಿಲ್ಲ. 'ಲೋಟ ಇಡಿ' ಅನ್ನೋರು 'ನಾನು ತೊಳೀತೀನಿ' ಅಂತಲೂ ಸೇರಿಸಲಿ ಅಷ್ಟೆ.

ನಿವೃತ್ತ ಮೇಷ್ಟ್ರು | 10:58

ಒಪ್ಪಿದೆ. ನಮ್ಮ ಮನೆಯಾಕೆಗೆ ಇದನ್ನು ಓದಿ ಹೇಳಿದೆ. ಆಕೆ ನಿಮ್ಮ ಪಕ್ಷ.

ಶಿರಸಿ ಮಳೆ | 11:03

ನಮ್ಮಲ್ಲಿ ಇನ್ನೂ ಊರ ದೇವಸ್ಥಾನದ ಪಾತ್ರೆ ಇದೆ. ಅನ್ನದ ಕೊಪ್ಪರಿಗೆಯಿಂದ ಲೋಟದವರೆಗೆ ಎಲ್ಲ. ಯಾರ ಮನೆ ಕಾರ್ಯಕ್ಕೂ ಲೆಕ್ಕ ಬರೆದು ಕೊಡ್ತಾರೆ. ತೊಳೆಯೋದು ಗಂಡಸರೂ ಹೆಂಗಸರೂ ಕೂಡಿಯೇ. (ಗಂಡಸರು ಕೊಪ್ಪರಿಗೆ ತೊಳೀತಾರೆ, ಯಾಕಂದ್ರೆ ಅದು ಫೋಟೋದಲ್ಲಿ ಚೆನ್ನಾಗಿ ಬರುತ್ತೆ.) ಆದರೆ ಬೆಂಗಳೂರಿಂದ ಬರೋ ನೆಂಟರು ಮಾತ್ರ "ಬಿಸ್ಲೇರಿ ಇದೆಯಾ" ಅಂತ ಕೇಳದೆ ಇರಲ್ಲ. ತೆರೆದ ಬಾವಿಯ ತಣ್ಣಗಿನ ನೀರು ಎದುರಿಗಿಟ್ಟುಕೊಂಡು!

ಸೌಟು ಹಿಡಿದವ | ಸೋಮವಾರ ಬೆಳಿಗ್ಗೆ 6:15

ಅಡುಗೆ ಕಂಟ್ರಾಕ್ಟ್ ನಂದು, 18 ವರ್ಷದಿಂದ. ನಮ್ಮ ಕಷ್ಟನೂ ಸ್ವಲ್ಪ ಕೇಳಿ.

ಮೊದಲು ನಾವೂ ಲೋಟ ಇಡ್ತಿದ್ವಿ. ಎಂಟುನೂರು ಜನದ ಊಟ ಅಂದ್ರೆ ಮೂರೂವರೆ, ನಾಲ್ಕು ಪಂಕ್ತಿ. ಒಂದು ಪಂಕ್ತಿ ಎದ್ದು ಇನ್ನೊಂದು ಕೂರೋಕೆ ಹತ್ತು ನಿಮಿಷ ಕೊಟ್ರೆ ಹೆಚ್ಚು. ಕುರ್ಚಿ ಹಿಂದೆ ಆಗಲೇ ಜನ ನಿಂತಿರ್ತಾರೆ, ಉಣ್ಣೋರ ತಲೆ ಮೇಲೇ. ಅಷ್ಟರಲ್ಲಿ ಇನ್ನೂರು ಲೋಟ ಎತ್ತಿ, ತೊಳೆದು, ಒರೆಸಿ ಮತ್ತೆ ಇಡಬೇಕು. ಒದ್ದೆ ಲೋಟ ಇಟ್ರೆ "ಇದೇನ್ರಿ ಎಂಜಲು ಲೋಟ" ಅಂತ ಒಬ್ಬ ಎದ್ದು ನಿಂತ್ರೂ ಸಾಕು, ಮದುವೆ ಮನೆಯವರು ಬಂದು ನನ್ನ ಕಾಲರ್ ಹಿಡೀತಾರೆ. ಕೊರೊನಾ ಆದ್ಮೇಲಂತೂ ಸೀಲ್ ಇಲ್ಲದ ನೀರು ಅಂದ್ರೆ ಜನ ಮುಖ ಕಿವುಚ್ತಾರೆ. ಬಾಟಲಿ ಇಟ್ರೆ ಯಾರೂ ಏನೂ ಕೇಳಲ್ಲ.

ಹಾಳೆ ವಿಷಯ ಲಾ ಪಾಯಿಂಟ್ ಸಾರ್ ಹೇಳಿದ್ದು ಸರಿ. ನಾನು ಈಗ ಪೇಪರ್ ರೋಲ್ ಹಾಕ್ತೀನಿ. ಆದರೆ ಸಾರು ಚೆಲ್ಲಿದ್ರೆ ಪೇಪರ್ ಮೇಜಿಗೆ ಅಂಟುತ್ತೆ. ಅದನ್ನ ಕೆರೆಯೋಕೆ ಇನ್ನೊಬ್ಬ ಹುಡುಗ ಬೇಕು.

ಕೂಡಿ ಕಳೆದವನು | 8:30

ಅಣ್ಣ, ಲೆಕ್ಕ ಹಾಕೋಣ. 800 ಜನಕ್ಕೆ ಬಾಟಲಿ ಎಷ್ಟು ಹೋಗುತ್ತೆ, ಎಷ್ಟು ಬೀಳುತ್ತೆ?

ಸೌಟು ಹಿಡಿದವ | 8:52

1,200ರ ಮೇಲೇ ಹೋಗುತ್ತೆ. ಮಕ್ಕಳು ಕೈಗೊಂದು ಹಿಡ್ಕೊಂಡು ಓಡ್ತಾರೆ, ಹೊರಡೋವಾಗ ನಾಲ್ಕು ಕಾರಿಗೆ ಹೋಗುತ್ತೆ. ನನಗೆ ಹೋಲ್‌ಸೇಲಲ್ಲಿ ಐದು, ಐದೂವರೆ ರೂಪಾಯಿ ಬೀಳುತ್ತೆ.

ಕೂಡಿ ಕಳೆದವನು | 9:10

ಸರಿ, ಆರು ಸಾವಿರ ಅಂದ್ಕೊಳ್ಳಿ. ಈಗ ಲೋಟ. ತೊಳೆಯೋಕೆ ನಾಲ್ಕು ಜನ, ತಲೆಗೆ 800 ಅಂದ್ರೆ 3,200. ಲೋಟದ ಬಾಡಿಗೆ ಎರಡು ರೂಪಾಯಿ ಹಾಗೆ 500 ಲೋಟಕ್ಕೆ 1,000. ಕ್ಯಾನ್ 15 ಬೇಕು, 600 ರೂಪಾಯಿ. ಸಬ್ಬೀನ, ಹೆಚ್ಚುವರಿ ನೀರು ಎಲ್ಲ ಸೇರಿಸಿದ್ರೂ ಆರು ಸಾವಿರ ದಾಟಲ್ಲ. ಅಲ್ಲಿಗೆ ದುಡ್ಡಿನ ನೆಪ ನಡೆಯಲ್ಲ.

ಸೌಟು ಹಿಡಿದವ | 9:14

ದುಡ್ಡು ಅಂತ ನಾನೆಲ್ಲಿ ಹೇಳಿದೆ ಸ್ವಾಮಿ? ಆ ನಾಲ್ಕು ಜನ ಸಿಗಲ್ಲ. ಮುಹೂರ್ತದ ಭಾನುವಾರ ಬಡಿಸೋಕೇ ಹುಡುಗರು ಸಿಗಲ್ಲ. ನಿಮ್ಮ ಲೆಕ್ಕದಲ್ಲಿ ಆ ನಾಲ್ಕು ಜನರನ್ನ ಕಳಿಸಿಕೊಡಿ, ನಾಳೆಯಿಂದ ಬಾಟಲಿ ಬಂದ್.

ಖಾರಾಪುರಿ | 9:40

ಇದೆಲ್ಲ ಹೊಟ್ಟೆ ತುಂಬಿದವರ ಪಾಪಪ್ರಜ್ಞೆ. ಒಂದು ಪಂಕ್ತಿಯ ಬಾಟಲಿ ಎಣಿಸ್ಕೊಂಡು ಕೂತಿದೀರಿ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿತ್ತು, 2017ರಲ್ಲಿ ಬಿತ್ತು, 2018ರಲ್ಲೂ ಬಿತ್ತು. ನಿಮ್ಮ ಐಸ್‌ಕ್ರೀಮ್ ಚಮಚದಿಂದ ಬಿತ್ತಾ? ದೊಡ್ಡವರನ್ನ ಕೇಳೋ ತಾಕತ್ತಿಲ್ಲ, ಪಾಪ ಚಿಕ್ಕಮಾವ ಸಿಕ್ಕಿದ್ರು.

ಅಂದಹಾಗೆ, ತುಮಕೂರಿಗೆ ಹೋಗಿದ್ದು ಹೆಂಗೆ ಮೇಡಂ?

ಅರಸೀಕೆರೆ ಎಳನೀರು | 9:55

ಕಾರಲ್ಲಿ. ಇಬ್ಬರೇ. ರೈಲು ಬೇಕಾದಷ್ಟಿತ್ತು, ರೇಷ್ಮೆ ಸೀರೆ ಉಟ್ಕೊಂಡು ಹತ್ತೋಕೆ ಮನಸ್ಸಾಗಲಿಲ್ಲ. ಸಿಕ್ಕಿಬಿದ್ದೆ, ಬರ್ಕೊಳ್ಳಿ.

ಸೊಪ್ಪಿನ ಸಾರು | 10:04

ಕಾರಲ್ಲಿ ಹೋದವರು ಬಾಟಲಿ ಬಗ್ಗೆ ಮಾತಾಡಬಾರದು ಅಂದ್ರೆ ಈ ದೇಶದಲ್ಲಿ ಮಾತಾಡೋಕೆ ಉಳಿಯೋದು ನಾಲ್ಕು ಜನ ಸನ್ಯಾಸಿಗಳು. ಅವರೂ ಈಗ ಕಾರಲ್ಲೇ ಓಡಾಡ್ತಾರೆ.

ಬೆಳ್ಳಂದೂರಲ್ಲಿ ಬೆಂಕಿ ಮಾತ್ರ ಅಲ್ಲ, ನೊರೆನೂ ಇತ್ತಲ್ಲ, ಅದು ಎಲ್ಲಿಂದ ಬಂತು ಅಂತ ಗೊತ್ತಾ ಖಾರಾಪುರಿಯವರೇ? ಕಾರ್ಖಾನೆಯದ್ದೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಕೆರೆ ತುಂಬಿದ್ದು ಸಂಸ್ಕರಿಸದ ಚರಂಡಿ ನೀರಿಂದ. ಅದರಲ್ಲಿದ್ದಿದ್ದು ನಮ್ಮ ನಿಮ್ಮ ಬಚ್ಚಲಿನ ಸೋಪಿನ ಪುಡಿ. ಶುದ್ಧೀಕರಣ ಘಟಕ ಕಟ್ಟಬೇಕಾಗಿದ್ದು ಸರ್ಕಾರವೇ, ಅದು ಬೇರೆ ಮಾತು. ಆದರೆ 'ನಮ್ಮದೇನೂ ಇಲ್ಲ' ಅನ್ನಬೇಡಿ.

ಖಾರಾಪುರಿ | 10:11

ಸರಿ, ಇವತ್ತಿಂದ ಬಟ್ಟೆ ಒಗೆಯಲ್ಲ.

ನಾಲ್ಕನೇ ಕ್ರಾಸ್ | 11:20

ಮದುವೆ ವರ್ಷಕ್ಕೆ ನಾಲ್ಕು ಬರುತ್ತೆ. ನಮ್ಮ ಎದುರು ಮನೆ ಆಂಟಿ ದಿನಾ. ಬೆಳಿಗ್ಗೆ ಆರಕ್ಕೆ ಪೈಪ್ ಹಿಡ್ಕೊಂಡು ರಸ್ತೆಗೆ ಅಭಿಷೇಕ. ಮೊದಲು ಗೇಟು, ಆಮೇಲೆ ಇಳಿಜಾರು, ಆಮೇಲೆ ಡಾಂಬರು. ಡಾಂಬರು ತೊಳೆದು ಏನು ಮಾಡ್ತಾರೆ, ಅದರ ಮೇಲೆ ಊಟ ಮಾಡ್ತಾರಾ?

2024ರ ಮಾರ್ಚಲ್ಲಿ ಬರ ಬಂದಾಗ ಬೆಂಗಳೂರು ಜಲಮಂಡಳಿಯವರು ಕುಡಿಯೋ ನೀರಲ್ಲಿ ಕಾರು ತೊಳೆಯೋದು, ತೋಟಕ್ಕೆ ಹಾಕೋದು ಬಂದ್ ಮಾಡಿ 5,000 ದಂಡ ಅಂದಿದ್ರಲ್ಲ, ಆಗ ಎರಡು ವಾರ ಪೈಪ್ ಒಳಗೆ ಹೋಗಿತ್ತು. ಮಳೆ ಬಂತು, ಪೈಪೂ ಬಂತು. ಈ ಕಾವೇರಿ ನೀರು ತೊರೆಕಾಡನಹಳ್ಳಿ ಕಡೆಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಆಗಿ, ಎತ್ತರ ಹತ್ತಿ ಬರುತ್ತೆ ಆಂಟಿ ಅಂದೆ. "ನಮ್ಮದು ಬೋರ್‌ವೆಲ್ಲಪ್ಪ, ಸ್ವಂತ ನೀರು" ಅಂದ್ರು. ಭೂಮಿ ಒಳಗೆ ಅವರದ್ದೇ ಕಾಂಪೌಂಡ್ ಇದೆ ಅನ್ನೋ ಹಾಗೆ.

ಬೆಣ್ಣೆ ದೋಸೆ | 11:31

ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡೋದು ನಮ್ಮ ಪದ್ಧತಿ. ಅದಕ್ಕೂ ಕಣ್ಣು ಹಾಕಬೇಡಿ.

ನಾಲ್ಕನೇ ಕ್ರಾಸ್ | 11:36

ರಂಗೋಲಿಗೆ ಒಂದು ತಂಬಿಗೆ ನೀರು ಚಿಮುಕಿಸಿದ್ರೆ ಸಾಕು ಅಂತ ನಮ್ಮಮ್ಮ ಐವತ್ತು ವರ್ಷದಿಂದ ತೋರಿಸ್ತಾ ಬಂದಿದಾರೆ. ಆಂಟಿದು ಸ್ಟಿಕ್ಕರ್ ರಂಗೋಲಿ.

ಬೆಣ್ಣೆ ದೋಸೆ | 11:37

ಹಂಗಾದ್ರೆ ನಾನು ಮಾತು ವಾಪಸ್ ತಗೊಂಡೆ.

ಕುಡ್ಲದ ಮೀನು | ಮಧ್ಯಾಹ್ನ 1:15

ಬಾಟಲಿಯಾದ್ರೂ ಗುಜರಿಗೆ ಹೋಗ್ತದೆ ಮಾರಾಯ್ರೆ. ನೀವೊಮ್ಮೆ ಸುಬ್ರಹ್ಮಣ್ಯಕ್ಕೆ ಹೋಗಿ ಕುಮಾರಧಾರಾ ಸ್ನಾನಘಟ್ಟ ನೋಡಿ. ಸ್ನಾನ ಮಾಡಿದ ಬಟ್ಟೆ ಹೊಳೆಗೆ ಬಿಟ್ಟರೆ ಪಾಪ ಹೋಗ್ತದೆ ಅಂತ ಯಾರು ಹೇಳಿದ್ದೋ ಆ ಸುಬ್ರಹ್ಮಣ್ಯನಿಗೇ ಗೊತ್ತು. ಚಡ್ಡಿ, ಬನಿಯನು, ಸೀರೆ, ಎಲ್ಲ ಉಂಟು. ಧರ್ಮಸ್ಥಳದಲ್ಲಿ ನೇತ್ರಾವತಿಗೂ ಅದೇ ಗತಿ. 2025ರ ಮಾರ್ಚಿನಲ್ಲಿ ಅರಣ್ಯ ಸಚಿವರು ತೀರ್ಥಕ್ಷೇತ್ರಗಳ ಹೊಳೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಲ್ಲಿಸಿ, ಬಟ್ಟೆ ಬಿಡುವುದನ್ನೂ ತಡೆಯಿರಿ ಅಂತ ಅಧಿಕಾರಿಗಳಿಗೆ ಹೇಳಿದ್ದು ಪೇಪರಲ್ಲಿ ಬಂದಿತ್ತು. ನಾನು ಮೊನ್ನೆ ಇಳಿದಾಗ ಕಾಲಿಗೆ ಒಂದು ಲುಂಗಿ ಸುತ್ತಿಕೊಂಡಿತು. ನಾನು ಹಾವು ಅಂತ ಬೊಬ್ಬೆ ಹಾಕಿದೆ. ಆ ಕ್ಷೇತ್ರದಲ್ಲಿ ಹಾವು ಅಂತ ಬೊಬ್ಬೆ ಹಾಕಿದರೆ ಏನಾಗ್ತದೆ ಗೊತ್ತುಂಟಲ್ಲ? ನಾಲ್ಕು ಜನ ಕೈ ಮುಗಿದರು.

ಒಗ್ಗರಣೆ | 1:19

ಲುಂಗಿ ಚೆಕ್ಸಾ, ಪ್ಲೇನಾ?

ಫ್ರಾಂಕ್‌ಫರ್ಟ್ ಫಿಲ್ಟರ್ ಕಾಫಿ | 3:50

ಇಲ್ಲಿ ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಎಸೆಯೋ ಬಾಟಲಿಗೆ ಠೇವಣಿ. ಈಗ 25 ಸೆಂಟ್. ಸೂಪರ್ ಮಾರ್ಕೆಟ್ಟಲ್ಲಿ ಮೆಷಿನ್ ಇರುತ್ತೆ, ಖಾಲಿ ಬಾಟಲಿ ತೂರಿಸಿದ್ರೆ ಚೀಟಿ ಕೊಡುತ್ತೆ, ಬಿಲ್ಲಲ್ಲಿ ಅಷ್ಟು ಕಳೀಬಹುದು. ಪಾರ್ಕಲ್ಲಿ ಬಾಟಲಿ ಬಿದ್ದಿದ್ರೆ ಹತ್ತು ನಿಮಿಷದಲ್ಲಿ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಇಲ್ಲಿನ ಜನ ಹುಟ್ಟಾ ಶಿಸ್ತಿನವರು ಅಂತಲ್ಲ. ಠೇವಣಿ ಇಲ್ಲದ ಸಿಗರೇಟ್ ತುಂಡು ರೈಲ್ವೆ ಹಳಿ ತುಂಬ ಬಿದ್ದಿರುತ್ತೆ.

ನಮ್ಮ ಕನ್ನಡ ಕೂಟದ ಯುಗಾದಿ ಊಟ ಮಾತ್ರ ಇವತ್ತಿಗೂ ಬಿಸಾಕೋ ತಟ್ಟೆಯಲ್ಲೇ. ಒಬ್ಬಟ್ಟಿಗೊಂದು, ಅನ್ನಕ್ಕೊಂದು, ಕೋಸಂಬರಿಗೊಂದು ಬೌಲ್. ಅಲ್ಲಿ ಯಾರೂ ಜರ್ಮನ್ ಅಲ್ಲ.

ನಿವೃತ್ತ ಮೇಷ್ಟ್ರು | 4:12

ಠೇವಣಿ ನಮಗೇನು ಹೊಸದೇ? ಗೋಲಿ ಸೋಡಾ ಬಾಟಲಿ ಅಂಗಡಿಯಲ್ಲೇ ಕುಡಿದು ಕೊಡಬೇಕಿತ್ತು. ಮನೆಗೆ ಒಯ್ಯುವುದಾದರೆ ದುಡ್ಡು ಇಟ್ಟು ಹೋಗು ಎನ್ನುತ್ತಿದ್ದರು.

ಗುಂಡ್ಲುಪೇಟೆ ಚೆಂಡುಹೂವು | 4:40

ಜರ್ಮನಿ ಯಾಕೆ, ಬಂಡೀಪುರ ದಾಟಿ ನೀಲಗಿರಿಗೆ ಹೋಗಿ. ಗಡಿ ಚೆಕ್‌ಪೋಸ್ಟಲ್ಲಿ ಕಾರು ನಿಲ್ಸಿ ಒಂದು ಲೀಟರ್, ಎರಡು ಲೀಟರ್ ಬಾಟಲಿ ಇದ್ರೆ ಈಚೆಗೆ ತಗೀತಾರೆ. 2022ರಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ ಹತ್ತು ರೂಪಾಯಿ ಜಾಸ್ತಿ ಇಸ್ಕೊಂಡು, ಖಾಲಿ ಕೊಟ್ರೆ ವಾಪಸ್ ಕೊಡೋ ಪದ್ಧತಿ ಇದೆ. ಕಾಡಲ್ಲಿ ಒಡೆದ ಗಾಜು ಆನೆ ಕಾಲಿಗೆ ಚುಚ್ತದೆ ಅಂತ ಮಾಡಿದ್ದು. ತಮಾಷೆ ಏನಪ್ಪಾ ಅಂದ್ರೆ, ಅಲ್ಲಿ ಬಾಯಿ ಮುಚ್ಕೊಂಡು ಬಾಟಲಿ ಕೊಟ್ಟು ಬರೋ ನಮ್ಮೋರೇ ವಾಪಸ್ ಬರೋವಾಗ ಗಡಿ ದಾಟಿದ ತಕ್ಷಣ ಗ್ಲಾಸ್ ಇಳ್ಸಿ ಚಿಪ್ಸ್ ಪ್ಯಾಕೆಟ್ ಹಾರಿಸ್ತಾರೆ. ನಮ್ಮ ಹೊಲದ ಬೇಲಿ ನೋಡಿದ್ರೆ ಯಾವ ಕಂಪನಿ ಚಿಪ್ಸ್ ಈಗ ನಡೀತಿದೆ ಅಂತ ಹೇಳಬಹುದು.

ಬಸ್ ಪಾಸ್ | ರಾತ್ರಿ 8:25

ಎಲ್ಲಾ ಓದಿದೆ. ಬರೀಬೇಕೋ ಬೇಡ್ವೋ ಅಂತ ಯೋಚಿಸಿ ಬರೀತಿದೀನಿ. ನಮ್ಮಮ್ಮ ಒಂದು ಛತ್ರದಲ್ಲಿ ಕ್ಲೀನಿಂಗ್ ಕೆಲಸ ಮಾಡ್ತಾರೆ, ಏಳು ವರ್ಷದಿಂದ. ಪಿಯುಸಿ ರಜದಲ್ಲಿ ನಾನೂ ಹೋಗ್ತಿದ್ದೆ.

'ಬಾಟಲಿ ಗುಜರಿಗೆ ಹೋಗ್ತದೆ' ಅಂತ ಮೇಲೆ ಒಬ್ರು ಬರೆದಿದ್ರು. ಹೋಗುತ್ತೆ. ಹೆಂಗೆ ಹೋಗುತ್ತೆ ಅಂತ ಹೇಳ್ತೀನಿ. ಸುತ್ತಿಟ್ಟ ಹಾಳೆ ಬಿಚ್ಚಬೇಕು. ಒಳಗೆ ರಸಂ, ಮೊಸರು, ಪಾಯಸ ಎಲ್ಲಾ ಕಲಸಿರುತ್ತೆ. ಅದರೊಳಗೆ ಕೈ ಹಾಕಿ ಒಂದೊಂದೇ ಬಾಟಲಿ ತಡಕಿ ತೆಗೀಬೇಕು. ಗುಜರಿಯವನು ನೀರಿರೋ ಬಾಟಲಿ ತೂಕಕ್ಕೆ ಹಾಕ್ಕೊಳಲ್ಲ. ಹಂಗಾಗಿ ಒಂದೊಂದರ ಮುಚ್ಚಳ ತಿರುಗಿಸಿ ನೀರು ಚೆಲ್ಲಬೇಕು. ಸೀಲ್ ಒಡೆಯದೇ ಇರೋದು ಸಿಕ್ಕಿದ್ರೆ ಅಮ್ಮ ಒರೆಸಿ ಪಕ್ಕಕ್ಕಿಡ್ತಿದ್ರು, ಅದನ್ನ ಮನೆಗೆ ತಗೊಂಡು ಹೋಗ್ತಿದ್ವಿ. ಮಿಕ್ಕದ್ದು ತಿರುಗಿಸೋದು, ಚೆಲ್ಲೋದು, ಕಾಲಲ್ಲಿ ತುಳಿದು ಚಪ್ಪಟೆ ಮಾಡೋದು. ಮುಚ್ಚಳ ಬೇರೆ ಚೀಲ. ಒಂದು ಕೆಜಿ ಆಗೋಕೆ ನೂರರ ಹತ್ತಿರ ಬಾಟಲಿ ಬೇಕು. ರಾತ್ರಿ ಬಂದು ಮಲಗಿದಾಗ ಅಮ್ಮನ ಹೆಬ್ಬೆರಳಿನ ಪಕ್ಕ ಚರ್ಮ ಕೆಂಪಗೆ ಸುಲಿದಿರ್ತಿತ್ತು. ಮುಚ್ಚಳದ ಗೀರು ಗೀರು ಇರುತ್ತಲ್ಲ, ಅದರಿಂದ.

ಸೊಪ್ಪಿನ ಸಾರು ಅಕ್ಕ ಹಿತ್ತಲಲ್ಲಿ ನಾಲ್ಕು ಹೆಂಗಸರಿದ್ರು ಅಂದ್ರಲ್ಲ. ಅವರು ಈಗಲೂ ಅಲ್ಲೇ ಇದಾರೆ. ಲೋಟದ ಬದಲು ಕೈಯಲ್ಲಿ ಬಾಟಲಿ.

ಸೊಪ್ಪಿನ ಸಾರು | 8:40

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಪ್ಪ.

ಕುಡ್ಲದ ಮೀನು | 8:44

ಗುಜರಿ ಅಂತ ಸಲೀಸಾಗಿ ಬರೆದದ್ದು ನಾನೇ. ಬೇಜಾರು ಮಾಡ್ಕೊಳ್ಬೇಡಿ.

ಬಸ್ ಪಾಸ್ | 8:51

ಬೇಜಾರೇನಿಲ್ಲ ಅಕ್ಕ. ಒಂದು ಕೇಳ್ಕೊಳ್ತೀನಿ ಎಲ್ಲರಿಗೂ. ಬಾಟಲಿ ತಗೊಂಡ್ರೆ ಪೂರ್ತಿ ಕುಡೀರಿ, ಇಲ್ಲ ಜೊತೇಲೇ ತಗೊಂಡು ಹೋಗಿ. ಎಲೆ ಮಡಚೋವಾಗ ಎಲೆ ಒಳಗೆ ಮಾತ್ರ ತುರುಕಬೇಡಿ. ಎಷ್ಟೋ ಜನ ಅಚ್ಚುಕಟ್ಟು ಅಂದ್ಕೊಂಡು ಚಮಚ, ಬಾಟಲಿ, ಟಿಶ್ಯೂ ಎಲ್ಲಾ ಒಳಗಿಟ್ಟು ನೀಟಾಗಿ ಮಡಚ್ತಾರೆ.

ಒಗ್ಗರಣೆ | 8:55

ನಾನು ಹಂಗೇ ಮಾಡ್ತಿದ್ದೆ. ಅದು ಶಿಸ್ತು ಅಂದ್ಕೊಂಡಿದ್ದೆ. ಇನ್ನು ಮಾಡಲ್ಲ.

ಲಾ ಪಾಯಿಂಟ್ | 9:20

ತಾಂಬೂಲದ ಚೀಲ ಯಾರೂ ಎತ್ತಲಿಲ್ಲ. ಬಟ್ಟೆ ಥರ ಕಾಣೋ ಆ ಬಣ್ಣಬಣ್ಣದ ಚೀಲ ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್. ಬೆಂಕಿ ತಾಗಿಸಿ ನೋಡಿ, ಕರಗಿ ತೊಟ್ಟಿಕ್ಕುತ್ತೆ. ಪೇಪರ್ ಕಪ್ಪೂ ಅಷ್ಟೆ, ಕಾಫಿ ಸೋರದ ಹಾಗೆ ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ.

ಬೆಣ್ಣೆ ದೋಸೆ | 9:26

ನಮ್ಮನೇಲಿ ಆ ಚೀಲ 140 ಇದೆ. ಒಂದೊಂದರ ಮೇಲೂ ಒಂದೊಂದು ಮದುವೆ ಜೋಡಿ ಹೆಸರು. ಒಂದು ಜೋಡಿ ಡೈವೋರ್ಸ್ ಕೂಡ ಆಗಿದೆ, ಚೀಲ ಗಟ್ಟಿಮುಟ್ಟಾಗಿದೆ.

ಶಿರಸಿ ಮಳೆ | 9:31

🙏🙏

ಪೇಢಾ ಪ್ರಿಯ | 9:48

ಬೆಂಗಳೂರಾಗಿನವ್ರಿಗೆ ಒಂದ್ ಮಾತು. ಅದಮ್ಯ ಚೇತನ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಐತಿ ನೋಡ್ರಿ, ಸ್ಟೀಲ್ ತಾಟು, ಲೋಟ ಕಾರ್ಯಕ್ರಮಕ್ಕ ಕೊಡ್ತಾರ. ಸಣ್ಣ ಕಾರ್ಯದಿಂದ ಶುರು ಮಾಡ್ರಿ ಎಳನೀರಕ್ಕಾರ. ಎಂಟನೂರ ಮಂದಿ ಮದುವಿಗೆ ಕೈ ಹಾಕಬ್ಯಾಡ್ರಿ, ನನ್ನ ಗತಿ ಗೊತ್ತಾತಲ್ಲ.

ಅರಸೀಕೆರೆ ಎಳನೀರು | ಮೂರು ವಾರ ಬಿಟ್ಟು, ಶನಿವಾರ ರಾತ್ರಿ 10:15

ಬಂದೆ. ವರದಿ ಒಪ್ಪಿಸ್ತೀನಿ.

ಇವತ್ತು ನಾದಿನಿ ಮಗುವಿಗೆ ನಾಮಕರಣ, ನಮ್ಮ ಮನೆ ಟೆರೇಸಲ್ಲೇ, 120 ಜನ. ಪೇಢಾ ಪ್ರಿಯ ಹೇಳಿದ ಹಂಗೇ ತಿಂಗಳ ಮೊದಲೇ, ಅಂದ್ರೆ ಮೂರು ವಾರ ಮೊದಲೇ, "ನೀರು ನಂದು" ಅಂದುಬಿಟ್ಟೆ. ಬಾಡಿಗೆ ಲೋಟ ನೂರು. ಸಾಲದ್ದಕ್ಕೆ ಅಟ್ಟದ ಮೇಲಿಂದ ಅತ್ತೆಯ ಮದುವೇಲಿ ಬಂದ ಸ್ಟೀಲ್ ಲೋಟ 40 ಇಳಿಸಿದ್ವಿ. ಪ್ರತಿಯೊಂದರ ಮೇಲೂ ಅವರ ಹೆಸರು, ತಾರೀಕು ಕೆತ್ತಿದೆ. ಮೇಜಿಗೆ ಹಾಳೆ ಹಾಸಲಿಲ್ಲ. ಸಾರು ಚೆಲ್ಲಿತು, ಒರೆಸಿದ್ವಿ, ಯಾರೂ ಸಾಯಲಿಲ್ಲ.

ತೊಳೆದಿದ್ದು ಯಾರು ಅಂತ ಸೊಪ್ಪಿನ ಸಾರು ಕೇಳ್ತಾರೆ ಅಂತ ಗೊತ್ತು. ಕೆಲಸದ ಅಕ್ಕನಿಗೆ ಅಡುಗೆ ಪಾತ್ರೆನೇ ಸಾಕಷ್ಟಿತ್ತು. ಲೋಟ ನಾನು ಮತ್ತೆ ನಮ್ಮ ಯಜಮಾನರು. ಅವರು ಪಂಚೆ ಎತ್ತಿ ಕಟ್ಟಿ ನಲ್ಲಿ ಹತ್ರ ಕೂತಿದ್ದನ್ನ ನೋಡಿ ಅತ್ತೆ ಮಧ್ಯಾಹ್ನದಿಂದ ನನ್ನ ಜೊತೆ ಮಾತಾಡಿಲ್ಲ. "ಗಂಡು ಮಗನ ಕೈಲಿ ಎಂಜಲು ಲೋಟ" ಅಂತ ಅಡುಗೆ ಮನೇಲಿ ಯಾರ ಹತ್ರನೋ ಹೇಳ್ತಿದ್ದಿದ್ದು ಕೇಳಿಸ್ತು. ಗ್ರೂಪಲ್ಲಿ ಇಮೋಜಿ ಬದಲಾಗಿದೆ, ಗಿಡದ ಬದಲು ಸೋಪಿನ ಗುಳ್ಳೆ.

ಚಿಕ್ಕಮಾವ ಬಂದಿದ್ರು. ಎಲೆ ಮುಂದೆ ಕೂತು ಆ ಕಡೆ ಈ ಕಡೆ ನೋಡಿ "ಬಾಟಲಿ ಇಲ್ವೇನಮ್ಮ?" ಅಂದ್ರು. ಇಲ್ಲ ಅಂದೆ. ಡ್ರೈವರ್‌ಗೆ ಫೋನ್ ಮಾಡಿ ಕಾರಿಂದ ಒಂದು ಬಾಟಲಿ ತರಿಸ್ಕೊಂಡ್ರು.

ಒಂದೇ ತಲೆನೋವು. ಸಂಜೆ ಎಣಿಸಿದ್ರೆ 7 ಲೋಟ ಕಮ್ಮಿ. ನಾಲ್ಕು ಬಾಡಿಗೆದು, ಮೂರು ಅತ್ತೆಯ ಹೆಸರಿಂದು.

ಸೊಪ್ಪಿನ ಸಾರು | 10:22

ಯಜಮಾನರಿಗೆ ಶಹಬ್ಬಾಸ್. ಅತ್ತೆ ಸೋಮವಾರದ ಹೊತ್ತಿಗೆ ಮಾತಾಡ್ತಾರೆ ಬಿಡಿ.

ಸೌಟು ಹಿಡಿದವ | 10:30

120ಕ್ಕೆ 7 ಅಂದ್ರೆ 800ಕ್ಕೆ ಎಷ್ಟು ಅಂತ ಕೂಡಿ ಕಳೆದವನು ಹೇಳಲಿ. ಈ ಖರ್ಚು ಅವತ್ತು ಅವರ ಲೆಕ್ಕದಲ್ಲಿ ಇರಲಿಲ್ಲ.

ಕೂಡಿ ಕಳೆದವನು | 10:33

46 ಚಿಲ್ಲರೆ. ಸೋತೆ.

ಶಿರಸಿ ಮಳೆ | 10:41

ಹೆಸರು ಕೆತ್ತಿದ ಲೋಟ ಹೊರಗಿನವರು ಒಯ್ಯಲ್ಲ. ಹತ್ತಿರದ ನೆಂಟರೇ ಯಾರೋ. ಚಿಕ್ಕಮಾವನ ಕಾರು ನೋಡಿಸಿ.

ಅರಸೀಕೆರೆ ಎಳನೀರು | ಭಾನುವಾರ ಬೆಳಿಗ್ಗೆ 8:05

ನೋಡಿಸಿದೆ. ಒಂದು ಸಿಕ್ತು. ಗೇರ್ ಪಕ್ಕ ಬಾಟಲಿ ಇಡೋ ಗುಂಡಿಯಲ್ಲಿ, ಅರ್ಧ ನೀರಿನ ಸಮೇತ.